ಬಣ್ಣ ತಿರುಗದ ಪಟ್ಟಿ

ಪುರಾಣದ ಪೋಥಿ ಓದುವಾಗ ಮಕರಂದ ಮಾಸ್ತರರು ಬಲಗೈ ಒಡ್ಡುತ್ತಿದ್ದರು. ಒಂದು ಸಂಧಿ ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವಿನಲ್ಲಿ, ಕಣ್ಣು ಪೋಥಿಯಿಂದ ಕೀಳದೆ, ಕೈ ಮಾತ್ರ ಪಕ್ಕಕ್ಕೆ ಚಾಚುತ್ತಿದ್ದರು. ಆ ಅಂಗೈಗೆ ಕಿತ್ತಳೆ ಬಣ್ಣದ ಗುಳಿಗೆಯೊಂದು ಬೀಳುತ್ತಿತ್ತು. ಅದನ್ನು ದವಡೆಗೆ ಒತ್ತರಿಸಿಕೊಂಡು ಮಾಸ್ತರರು ಮುಂದಿನ ಪದ್ಯ ಎತ್ತಿದರೆಂದರೆ ಭಾಲ್ಕಿಯ ಆ ಗುಡಿಯ ಪೌಳಿಯಲ್ಲಿ ಕೂತವರ ಮೈ ಜುಮ್ಮೆನ್ನುತ್ತಿತ್ತು. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಜನ ಬರುತ್ತಿದ್ದುದು ಆ ಕಂಠಕ್ಕೆ.

ಗುಳಿಗೆ ಹಾಕುತ್ತಿದ್ದವಳು ಹೆಂಡತಿ ಪ್ರಮಿಲಾ. ಕಂಬಕ್ಕೆ ಒರಗಿ, ಅವರ ಕೈಗೆ ಎಟುಕುವಷ್ಟು ದೂರದಲ್ಲಿ, ಸ್ಟೀಲಿನ ಸಣ್ಣ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ಔರಾದದ ತವರಿನಲ್ಲಿ ತಂದೆ ಸಂಜೆಗೊಮ್ಮೆ ಪೋಥಿ ಬಿಚ್ಚುತ್ತಿದ್ದರು. ಅಲ್ಲಿ ಕಾಳು ಆರಿಸುತ್ತ ಕೇಳಿ ಕೇಳಿ ಬೆಳೆದವಳು. ಯಾವ ಪದ್ಯದ ಹಿಂದೆ ಯಾವುದು ಬರುತ್ತದೆ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಓದುವವನು ಅರ್ಧ ಸಾಲು ನುಂಗಿ ಮುಂದೆ ಓಡಿದ, ಎಲ್ಲ ಅವಳ ಕಿವಿಗೆ ಗೊತ್ತು. ಬಾಯಿ ಬಿಟ್ಟು ಒಂದು ಸಾಲೂ ಅಂದವಳಲ್ಲ. “ಹೇಳೋರು ಸಾವಿರ ಮಂದಿ ಸಿಗ್ತಾರ, ಕೇಳೋರು ಸಿಗೂದಿಲ್ಲ. ನಿಮ್ಮ ಮಗಳು ಕೇಳೂದ್ರಾಗ ಹುಷಾರ ಇದ್ದಾಳ,” ಎಂದು ಹೆಣ್ಣು ನೋಡಲು ಬಂದಾಗ ಮಾಸ್ತರರೇ ಅವಳ ತಂದೆಗೆ ಹೇಳಿದ್ದರು. ಆ ಮಾತನ್ನು ಅವಳು ಮೂಗುತಿಯ ಹಾಗೆ ಇಟ್ಟುಕೊಂಡಿದ್ದಳು. ಇಷ್ಟು ವರ್ಷ ಕೇಳಿಸಿಕೊಂಡವಳಿಗೆ ಒಮ್ಮೆ, ಒಂದೇ ಒಮ್ಮೆ, ತನ್ನ ಮಾತೂ ಯಾರಾದರೂ ಕೇಳಲಿ ಅನ್ನಿಸಿದ್ದು ಗಂಡನ ಕಾಲಿನ ಸಲುವಾಗಿ.

ಅದಕ್ಕೂ ಮೊದಲು ಸಕ್ಕರೆಯ ಮಾತು ಹೇಳಬೇಕು.

ಮಾಸ್ತರರು ಸಾಲೆಯಿಂದ ನಿವೃತ್ತರಾಗಿ ಬೀದರಿಗೆ ಬಂದು ನೆಲೆಸಿದ ಮೇಲೆ ಡಾಕ್ಟರು ಸಕ್ಕರೆ ಕಾಯಿಲೆ ಅಂದರು. ದಿನಾ ನುಂಗಲು ಗುಳಿಗೆ ಕೊಟ್ಟರು. ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡುವ ಅಂಗೈಯಗಲದ ಯಂತ್ರವನ್ನೂ ತೋರಿಸಿದರು. ಗುಳಿಗೆಗೆ ಮಾಸ್ತರರು ಒಪ್ಪಿದರು, ಯಂತ್ರಕ್ಕೆ ಒಪ್ಪಲಿಲ್ಲ.

“ಪೋಥಿ ಹಾಳಿ ತಿರುವೋ ಬೆರಳಿದು. ದಿನಾ ಮುಂಜಾನೆ ರಕ್ತ ಹರಿಸಿ ಮೈಲಿಗಿ ಮಾಡ್ಕೊಂಡು ಕೂಡ್ಲೇನು? ಆಗೂದಿಲ್ಲ.”

ದಾರಿ ತೋರಿಸಿದವರು ಮೆಡಿಕಲ್ ಅಂಗಡಿಯ ಕರೀಮ ಸಾಬ. “ಮಾಸ್ತರ ಸಾಬ, ರಕ್ತ ಬ್ಯಾಡಂದ್ರ ಮೂತ್ರ ನೋಡ್ಕೋರಿ. ಹಳೀ ತರೀಕಾ. ಸುದ್ದಿ ಸ್ವಲ್ಪ ತಡಾ ಮಾಡಿ ಹೇಳ್ತದ, ಆದ್ರ ಹೇಳ್ತದ,” ಎಂದು ಒಂದು ಪ್ಲಾಸ್ಟಿಕ್ ಬಾಟಲಿ ಕೊಟ್ಟರು. ಅದರ ತುಂಬ ಬೆರಳುದ್ದದ ತೆಳ್ಳನೆಯ ಪಟ್ಟಿಗಳು. ಪ್ರತಿ ಪಟ್ಟಿಯ ತುದಿಯಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದಾದ, ನೀಲಿ ಬಣ್ಣದ ಒಣ ಕಾಗದದ ತುಣುಕು. ಮೂತ್ರದಲ್ಲಿ ಅದ್ದಿ ತೆಗೆದು, ಒಂದು ಪದ್ಯ ಮನಸ್ಸಿನಲ್ಲಿ ಹೇಳಿಕೊಳ್ಳುವಷ್ಟು ಹೊತ್ತು ಕಾದರೆ ಆಯಿತು. ಸಕ್ಕರೆ ಇಲ್ಲವೆಂದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರಿಗೆ ತಿರುಗುತ್ತದೆ, ಬಹಳ ಇದ್ದರೆ ಕಂದಾಗುತ್ತದೆ. ಬಾಟಲಿಯ ಮೈಮೇಲೆ ಬಣ್ಣಗಳ ಮನೆಗಳಿವೆ, ಪಕ್ಕ ಹಿಡಿದು ತಾಳೆ ನೋಡಬೇಕು.

ಮಾಸ್ತರರಿಗೆ ಇದು ಹಿಡಿಸಿತು. ಸ್ನಾನಕ್ಕೆ ಮೊದಲೇ, ಮೈಲಿಗೆಯಲ್ಲೇ, ಬಚ್ಚಲಲ್ಲೇ ಮುಗಿಯುವ ಕೆಲಸ. ಪಟ್ಟಿಯನ್ನು ಬಚ್ಚಲ ಕಿಟಕಿಯ ಬೆಳಕಿಗೆ ಹಿಡಿದು ಬಣ್ಣವನ್ನು ಅಲ್ಲಿಂದಲೇ ಕೂಗಿ ಹೇಳುತ್ತಿದ್ದರು. ಮೊದಮೊದಲು “ಕಂದು!” ಅನ್ನುತ್ತಿದ್ದರು. ಗುಳಿಗೆ ಹಿಡಿದ ಮೇಲೆ “ಹಸರು, ಹಸರು!” ಎಂದಾಯಿತು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಪ್ರಮಿಲಾ ಆ ಹಸಿರನ್ನು ಕೇಳಿ ದೇವರಮನೆಯತ್ತ ತಿರುಗಿ ಹಿಟ್ಟು ಮೆತ್ತಿದ ಕೈಯನ್ನೇ ಮುಗಿಯುತ್ತಿದ್ದಳು.

ಆ ವರ್ಷ ಮಳೆಗಾಲದಲ್ಲಿ ಮಾಸ್ತರರ ಗಂಟಲು ಕಟ್ಟಿತು. ದೊಡ್ಡ ಪೋಥಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸುತ್ತೇನೆಂದು ಭಾಲ್ಕಿಯಲ್ಲಿ ಸಂಕಲ್ಪ ಮಾಡಿದ್ದೂ ಆಗಲೇ. ಪ್ರಮಿಲಾ ತಾನೇ ಹೋಗಿ ಕರೀಮ ಸಾಬರನ್ನು ಕೇಳಿ ಕಿತ್ತಳೆ ಗುಳಿಗೆ ತಂದಳು. “ವಿಟಮಿನ್ ಸಿ ಅದ ಕಾಕೂ. ಚೀಪ್ಕೋತ ಇರ್ಲಿ. ಹೆಚ್ಚಾದ್ರ ಉಚ್ಚಿ ಜೋಡಿ ಹೋಗ್ತದ, ಏನೂ ಹಾನಿ ಇಲ್ಲ,” ಎಂದರು ಸಾಬರು. ಅದರಿಂದಲೋ, ಗಂಟಲು ತಾನಾಗಿಯೇ ಬಿಟ್ಟಿತೋ, ದನಿ ತಿಳಿಯಾಯಿತು. ಅಂದಿನಿಂದ ಮಾಸ್ತರರು ಕೈ ಒಡ್ಡುವುದು, ಪ್ರಮಿಲಾ ಹಾಕುವುದು ಒಂದು ರೂಢಿಯಾಗಿ ಬಿದ್ದಿತು. ಗುಡಿಯಲ್ಲಷ್ಟೇ ಅಲ್ಲ, ಮನೆಯಲ್ಲಿ ಅಭ್ಯಾಸಕ್ಕೆ ಕೂತಾಗ, ಊಟವಾದ ಮೇಲೆ, ಮಲಗುವ ಮುನ್ನ. ಆ ಡಬ್ಬಿ ಬರಿದಾಗದ ಹಾಗೆ ನೋಡಿಕೊಳ್ಳುವುದು ಅವಳಿಗೆ ದೇವರ ದೀಪಕ್ಕೆ ಎಣ್ಣೆ ಹಾಕಿದಷ್ಟೇ ನಿಷ್ಠೆಯ ಕೆಲಸವಾಯಿತು.

ಪಟ್ಟಿ ಬಣ್ಣ ತಿರುಗುವುದನ್ನು ಬಿಟ್ಟದ್ದೂ ಆಗಲೇ.

“ನೀಲಿ!” ಎಂದು ಬಚ್ಚಲಿನಿಂದ ಒಂದು ದಿನ ಕೂಗು ಬಂತು. ಮರುದಿನವೂ ನೀಲಿ. ಮುಂದೆಯೂ ನೀಲಿ. ಮಾಸ್ತರರು ಟವೆಲು ಸುತ್ತಿಕೊಂಡೇ ಪಟ್ಟಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರು.

“ನೋಡಿಲ್ಲಿ. ಆಕಾಶ ತೊಳದಂಗ ಅದ. ಗುಳಿಗಿ ಹಸರ ತನಕ ಬಂದು ನಿಂತಿತ್ತು. ನೀಲಿ ಮಾಡಿದ್ದು ಯಾರು? ಪಾರಾಯಣ!”

“ಸಕ್ರಿ ಗುಳಿಗಿ ಬಿಡಬ್ಯಾಡ್ರಿ. ಡಾಕ್ಟರಿಗೊಂದು ಮಾತು ಕೇಳ್ರಿ.”

“ದೇವರು ಮಾಡಿದ ಕೆಲಸಕ್ಕ ಡಾಕ್ಟರು ಸಹಿ ಹಾಕಬೇಕೇನು?”

ಸಕ್ಕರೆಯ ಗುಳಿಗೆ ನಿಂತಿತು. ಮುಂದಿನ ಏಕಾದಶಿಗೆ ಭಾಲ್ಕಿಯಲ್ಲಿ ಮಾಸ್ತರರು ಈ ಮಾತನ್ನು ಕಥೆಯ ನಡುವೆ ಪೋಣಿಸಿ ಹೇಳಿದರು. ಜನ ಕೈಮುಗಿದರು, ಮುದುಕಿಯರು ಕಣ್ಣೊರೆಸಿಕೊಂಡರು. ಪ್ರಮಿಲಾ ಡಬ್ಬಿ ಹಿಡಿದು ಕೂತಿದ್ದಳು. ಬಿಡುವಿನಲ್ಲಿ ಕೈ ಬಂತು. ಹಾಕಿದಳು.

ಇರುವೆ ಕಂಡದ್ದು ಅವಳಿಗೆ. ಬಚ್ಚಲ ಮೂಲೆಯಲ್ಲಿ, ನೀರು ಹೋಗುವ ತೂತಿನ ಸುತ್ತ, ಸಣ್ಣ ಕೆಂಪಿರುವೆ ಸಾಲುಗಟ್ಟಿದ್ದವು. ತೊಳೆದರೂ ಬಂದವು, ಫಿನಾಯಿಲು ಹಾಕಿದರೂ ಬಂದವು. ಅವಳ ತಂದೆಗೂ ಸಕ್ಕರೆ ಇತ್ತು. ಔರಾದದಲ್ಲಿ ಆಗ ಪಟ್ಟಿಯೂ ಇರಲಿಲ್ಲ, ಯಂತ್ರವೂ ಇರಲಿಲ್ಲ. ತಾಯಿ ಬಚ್ಚಲ ಕಲ್ಲನ್ನು ನೋಡಿಯೇ ಆ ದಿನ ಅನ್ನ ಬಡಿಸಬೇಕೋ ಬೇಡವೋ ತೀರ್ಮಾನಿಸುತ್ತಿದ್ದಳು.

“ರೀ, ಬಚ್ಚಲದಾಗ ಇರವಿ ಹತ್ತ್ಯಾವ.”

“ಹತ್ಲಿ ಬಿಡು. ಅವೇನು ಏಕಾದಶಿ ಹಿಡ್ದಾವೇನು?”

“ಚ್ಯಾಷ್ಟಿ ಬ್ಯಾಡ್ರಿ. ಸಕ್ರಿ ಇದ್ದಲ್ಲೇ ಇರವಿ ಬರೂದು. ನೀವು ನೀರೂ ಭಾಳ ಕುಡೀಲಿಕ್ಕತ್ತೀರಿ. ಮ್ಯಾಲಿಂದ ಮ್ಯಾಲೆ ಏಳ್ತೀರಿ. ಅಂಗಿ ಹೆಂಗ ಜೋತಾಡ್ತದ ನೋಡ್ಕೊಂಡೀರೇನು?”

ಮಾಸ್ತರರು ಕನ್ನಡಕ ಹಣೆಗೇರಿಸಿದರು. ತರಗತಿಯ ಹಿಂದಿನ ಬೆಂಚಿನ ದಡ್ಡನನ್ನು ಕಂಡಾಗಿನ ನಗು ಅವರ ಮುಖದ ಮೇಲೆ ಇನ್ನೂ ಸವೆದಿರಲಿಲ್ಲ. “ಹಂಗಂದ್ರ ಕಂಪನಿ ಮಾಡಿದ ಪಟ್ಟಿ ಸುಳ್ಳು, ನಿನ್ನ ಇರವಿ ಖರೆ. ಇಷ್ಟು ವರ್ಷ ನನ್ನ ಪೋಥಿ ಕೇಳಿ ನೀ ಕಡೀಕ ಹಿಡ್ಕೊಂಡಿದ್ದು ಇರವಿ ಮಾತು.”

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಸುಮ್ಮನಾಗುವುದು ಪ್ರಮಿಲಾಗೆ ರೂಢಿ. ಆದರೂ ಸಕ್ಕರೆಯ ಗುಳಿಗೆಯನ್ನು ದಿನಾ ಚಹದ ಕಪ್ಪಿನಡಿಯ ಬಸಿಯಲ್ಲಿ ಇಡುವುದನ್ನು ಬಿಡಲಿಲ್ಲ. ಅವರು ದಿನಾ ಅದನ್ನು ಬಸಿಯಲ್ಲೇ ಬಿಟ್ಟು ಏಳುತ್ತಿದ್ದರು. ಚಹ ತಾಗಿ ಮೆತ್ತಗಾದ ಗುಳಿಗೆಯನ್ನು ಅವಳು ಬೂದಿಗೆಸೆಯುತ್ತಿದ್ದಳು.

ಬೇಸಿಗೆಯಲ್ಲಿ, ಸುಡುವ ಮಧ್ಯಾಹ್ನ, ಮಾಸ್ತರರು ಭಾಲ್ಕಿಯ ಗುಡಿಯ ಕಲ್ಲಿನ ಅಂಗಳದಲ್ಲಿ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿದರು. ಬೇರೆಯವರು ನೆರಳು ಹುಡುಕಿ ಜಿಗಿಜಿಗಿದು ನಡೆದರೆ ಇವರು ನಿಧಾನ ನಡೆದರು. “ಮಾಸ್ತರರ ಭಕ್ತಿಗೆ ಕಲ್ಲೂ ತಂಪು!” ಎಂದು ಯಾರೋ ಉದ್ಗಾರ ತೆಗೆದರು. ಭಕ್ತಿಯೂ ಇದ್ದೀತು. ಆದರೆ ಆ ಅಂಗಾಲಿಗೆ ಬಿಸಿಯೇ ತಿಳಿಯುತ್ತಿರಲಿಲ್ಲ. ಹೆಬ್ಬೆರಳ ಕೆಳಗೆ ಎದ್ದ ಬೊಕ್ಕೆ ಒಡೆದು, ರಸಿಯಾಗಿ, ಧೋತರದ ಅಂಚಿಗೆ ಹಳದಿ ಕಲೆ ಹತ್ತಿದ್ದನ್ನು ಬಟ್ಟೆ ಒಗೆಯುವಾಗ ಕಂಡವಳು ಪ್ರಮಿಲಾ.

“ನೋವಿಲ್ಲ ಅಂತೇನಿ. ಅರಿಶಿಣ ಹಚ್ಚು.”

“ನೋವಿಲ್ಲಂತನೇ ನನಗ ಅಂಜಿಕಿ. ಕಾಲು ತೋರ್ಸೂಣ ನಡೀರಿ. ನಿಮ್ಮ ಕಾಲಿಗೆ ಬೀಳ್ತೇನಿ.”

“ಸಕ್ರಿ ಇದ್ದವಗ ಗಾಯ ಮಾಯೂದಿಲ್ಲ. ನನ್ನ ಪಟ್ಟಿ ನೀಲಿ ಅದ. ಮಾಯ್ತದ.”

ಅವಳು ನಿಜವಾಗಿಯೂ ಕಾಲಿಗೆ ಬಿದ್ದಳು. ಬಿದ್ದಾಗ ಮೂಗಿಗೆ ಆ ವಾಸನೆ ಬಡಿಯಿತು. ಮಾಸ್ತರರು “ಏಳು, ಏಳು,” ಎಂದು ಬೆನ್ನು ತಟ್ಟಿ, ಅಭ್ಯಾಸಕ್ಕೆ ಕೂತರು. ತುಸು ಹೊತ್ತಿಗೆ ಕೈ ಚಾಚಿದರು. ಅವಳು ಕಣ್ಣೊರೆಸಿಕೊಂಡು ಡಬ್ಬಿ ತೆರೆದಳು.

ಜ್ವರ ಏರಿ ಮಾತು ತೊದಲಿದ ಮೇಲೆ ಅವಳು ಗಂಡನನ್ನು ಕೇಳಲಿಲ್ಲ, ಔರಾದಕ್ಕೆ ಫೋನು ಮಾಡಿದಳು. ತಮ್ಮ ಶ್ರೀಪಾದ ಗಾಡಿ ಮಾಡಿಕೊಂಡು ಬಂದ. ಬೀದರದ ಒಂದು ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ರಕ್ತಕ್ಕೆ ಬೆರಳು ಬೇಕೆಂದು ಯಾರೂ ಕೇಳಲಿಲ್ಲ; ಮೊಣಕೈ ಮಡಿಕೆಯಿಂದಲೇ ಎಳೆದುಕೊಂಡರು.

ಲ್ಯಾಬಿನ ಹೆಪ್ಸಿಬಾ ಮೇಡಂ ಸ್ವಲ್ಪ ಹೊತ್ತಿಗೆ ತಾನೇ ವಾರ್ಡಿಗೆ ಬಂದಳು. ಕೊರಳಲ್ಲಿ ಸಣ್ಣ ಶಿಲುಬೆ, ಕೈಗೆ ಗ್ಲೌಸು, ಹಿಡಿಯಲ್ಲೊಂದು ಪಟ್ಟಿ. ಮಾಸ್ತರರಿಗೆ ಆಗ ಸಲಾಯಿನ್ ಏರಿ ಎಚ್ಚರ ಬಂದಿತ್ತು.

“ಕಾಕಾ, ನಿಮ್ಮ ರಕ್ತ ನೋಡಿದ್ರ ಸಕ್ರಿ ಕಾರ್ಖಾನಿ. ಮೂತ್ರದ ಪಟ್ಟಿ ನೋಡಿದ್ರ ಅದು ಉಪಾಸ ಕೂತಂಗ ಅದ. ಎರಡೂ ಒಬ್ರದೇ ಹೌದೋ ಅಲ್ಲೋ ಅಂತ ನಾನೇ ಕೇಳ್ಲಿಕ್ಕ ಬಂದೆ.”

ಪ್ರಮಿಲಾ ಪಟ್ಟಿ ನೋಡಿದಳು. ನೀಲಿಗೆ ಹಸಿರು ಸೋಂಕಿತ್ತು, ಅಷ್ಟೇ. ಮನೆಯಲ್ಲಾಗಿದ್ದರೆ ಇದಕ್ಕೂ “ನೀಲಿ” ಎಂಬ ಕೂಗೇ ಬರುತ್ತಿತ್ತು.

“ರಕ್ತದ ಹಿಸಾಬಿಗೆ ಇದು ಕಂದಾಗಬೇಕಿತ್ತು. ಏನರ ತಿಂತೀರಿ ನೀವು?” ಎನ್ನುತ್ತ ಹೆಪ್ಸಿಬಾ ಮಾಸ್ತರರ ಕೆನ್ನೆಯನ್ನೇ ನೋಡಿದಳು. ದವಡೆಯ ಹತ್ತಿರ ಏನೋ ಉಬ್ಬಿತ್ತು. “ಬಾಯಾಗೇನದ?”

ಮಾಸ್ತರರು ಹೆಂಡತಿಯತ್ತ ನೋಡಿದರು. ಪ್ರಮಿಲಾ ಡಬ್ಬಿ ತೆರೆದು ತೋರಿಸಿದಳು.

“ದಿನಾ ಎಷ್ಟು ಕೊಡ್ತೀರಿ ಕಾಕೂ?”

“ಎಷ್ಟು ಸಲ ಕೈ ಒಡ್ತಾರೋ ಅಷ್ಟು.”

ಹೆಪ್ಸಿಬಾ ಪಕ್ಕದ ಸ್ಟೂಲು ಎಳೆದುಕೊಂಡು ಕೂತಳು. ಬೈಯಲಿಲ್ಲ, ಬೈದಿದ್ದರೆ ಪ್ರಮಿಲಾಗೆ ಹಗುರವಾಗುತ್ತಿತ್ತು.

“ಹಿಂಗ ತಿಳೀರಿ. ಈ ನೀಲಿ ತುಣುಕಿನ್ಯಾಗ ಔಷಧ ಒಣಗಿಸಿ ಇಟ್ಟಿರ್ತಾರ. ಒಣಗಿದ್ದಾಗ ನಿದ್ದಿ. ಮೂತ್ರದ ಹಸಿ ಹತ್ತಿದ ಕೂಡ್ಲೇ ಏಳ್ತದ. ಒಳಗ ಇಬ್ಬರು ಹೆಣ್ಮಕ್ಕಳು ರೊಟ್ಟಿ ಮಾಡ್ಲಿಕ್ಕ ಕೂತಾರ ಅನ್ಕೋರಿ. ಒಬ್ಬಾಕಿ ಸಕ್ರಿ ತಗೊಂಡು ರೊಟ್ಟಿ ತಟ್ಟಿ ಕೊಡ್ತಾಳ. ಇನ್ನೊಬ್ಬಾಕಿ ಅದನ್ನ ಹಂಚಿನ ಮ್ಯಾಲೆ ಹಾಕಿ ಕಂದಗ ಬೇಯಿಸ್ತಾಳ. ಆ ಕಂದು ಬಣ್ಣನೇ ನಾವು ನೋಡೂದು. ಈಗ ತಟ್ಟಿದ ರೊಟ್ಟಿ ಹಂಚಿಗೆ ಹೋಗೂದ್ರೊಳಗ ನಡುವ ಒಬ್ರು ಕಸ್ಕೊಂಡು ತಿಂದ್ರ?”

“ಹಂಚು ಖಾಲಿ,” ಎಂದಳು ಪ್ರಮಿಲಾ.

“ಖಾಲಿ. ಹಿಟ್ಟು ಬೇಕಾದಷ್ಟು ಅದ, ತಟ್ಟಾಕೀನೂ ತಟ್ಟಾಕತ್ಯಾಳ, ಆದ್ರ ಹಂಚು ಖಾಲಿ. ಈ ವಿಟಮಿನ್ ಸಿ ಅದಲ್ಲ, ಅದೇ ನಡುವ ಕೂತು ತಿನ್ನೂದು. ಹೆಚ್ಚಾದದ್ದು ಮೂತ್ರದಾಗ ಹೋಗ್ತದ, ಪಟ್ಟಿಗೆ ಮೋಸ ಮಾಡ್ತದ. ಬಾಟ್ಲಿ ಜೋಡಿ ಬರೋ ಚೀಟ್ಯಾಗ ಬರ್ದಿರ್ತದ, ಇರವಿ ಕಾಲಿನಂಥ ಅಕ್ಷರದಾಗ.”

“ಇರವಿ ಬರ್ತಿದ್ವು,” ಎಂದಳು ಪ್ರಮಿಲಾ. ದನಿ ತನ್ನದೇ ಅಲ್ಲವೆಂಬಂತೆ ಕೇಳಿಸಿತು. “ಬಚ್ಚಲದಾಗ. ದಿನಾ.”

ಹೆಪ್ಸಿಬಾ ಅವಳನ್ನು ನೋಡಿದಳು. “ಇರವಿಗೆ ವಿಟಮಿನ್ ಗೊತ್ತಿಲ್ಲ ಕಾಕೂ. ಅವಕ್ಕ ಸಕ್ರಿ ಅಷ್ಟೇ ಗೊತ್ತು.”

ಪ್ರಮಿಲಾ ತನ್ನ ಬಲಗೈ ನೋಡಿಕೊಂಡಳು. ಹೆಬ್ಬೆರಳು ತೋರುಬೆರಳ ತುದಿಗೆ ಕಿತ್ತಳೆ ಪುಡಿ ಹತ್ತಿತ್ತು. ಒಂದು ಕೈಯಿಂದ ಬಸಿಯಲ್ಲಿ ಔಷಧ ಇಟ್ಟಿದ್ದಳು. ಇನ್ನೊಂದು ಕೈಯಿಂದ, ಅದೇ ಭಕ್ತಿಯಿಂದ, ಪಟ್ಟಿಯ ಬಾಯಿ ಕಟ್ಟಿದ್ದಳು. ಸೆರಗಿನಲ್ಲಿ ಬೆರಳು ತಿಕ್ಕಿದಳು, ಹೋಗಲಿಲ್ಲ.

ಮಾಸ್ತರರು ಬಾಯಿಯ ಗುಳಿಗೆಯನ್ನು ಬಟ್ಟಲಿಗೆ ಉಗುಳಿದರು. ಹೆಪ್ಸಿಬಾ ಹೋದ ಮೇಲೆ ಗೋಡೆಯತ್ತ ಮುಖ ತಿರುಗಿಸಿ ಮೆಲ್ಲಗೆ ಕೇಳಿದರು: “ಕೊಟ್ಟಾಕಿ ಯಾರು?”

ಹೊರಗೆ ವರಾಂಡದಲ್ಲಿ ನಿಂತಿದ್ದ ಶ್ರೀಪಾದನಿಗೂ ಅದು ಕೇಳಿಸಿತು. “ಭಾವ, ಅಕ್ಕ ನಿಮಗ ಕಾಲು ಹಿಡ್ದು ಹೇಳಿದ್ಳಂತಲ್ಲ,” ಎಂದು ಒಳಗೆ ಬಂದ. ಪ್ರಮಿಲಾ ಕಣ್ಣಲ್ಲೇ ಅವನನ್ನು ತಡೆದಳು. ಕಾಲಿನ ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. ಆ ಹೊತ್ತಿನಲ್ಲಿ ಯಾರು ಹೇಳಿದರು, ಯಾರು ಕೇಳಲಿಲ್ಲ ಅನ್ನುವ ಲೆಕ್ಕ ಅವಳಿಗೆ ಬೇಕಿರಲಿಲ್ಲ.

ಮೊದಲು ಹೆಬ್ಬೆರಳು ತೆಗೆದರು. ಕೊಳೆತ ಕಪ್ಪು ಮೇಲೇರುವುದು ನಿಲ್ಲಲಿಲ್ಲ. ಆಮೇಲೆ ಕಾಲಿನ ಹರಡಿನ ಮೇಲಿಂದ ಪಾದ ತೆಗೆದರು.

ಮನೆಗೆ ಬಂದ ಮೇಲೆ ದಿನಚರಿ ಬದಲಾಯಿತು. ಬೆರಳು ಚುಚ್ಚುವ ಯಂತ್ರ ಬಂತು. ಪೋಥಿ ತಿರುವುವ ಬೆರಳು ಬೇಡವೆಂದು ಎಡಗೈಯ ಕಿರುಬೆರಳನ್ನು ಆರಿಸಿದರು. ಇಷ್ಟು ಸುಲಭದ ಉಪಾಯ ಮೊದಲೇ ಯಾಕೆ ಹೊಳೆಯಲಿಲ್ಲವೆಂದು ಯಾರೂ ಕೇಳಲಿಲ್ಲ. ಚುಚ್ಚುವವಳು, ಇನ್ಸುಲಿನ್ ಕೊಡುವವಳು, ಮೊಂಡಗಾಲಿಗೆ ಪಟ್ಟಿ ಕಟ್ಟುವವಳು ಪ್ರಮಿಲಾ. ಕಿತ್ತಳೆ ಗುಳಿಗೆಯ ಜಾಗಕ್ಕೆ ಡಬ್ಬಿಯಲ್ಲಿ ಜ್ಯೇಷ್ಠಮಧುವಿನ ತುಂಡುಗಳು ಬಂದವು. ಮಾಸ್ತರರು ಅವಳೊಡನೆ ಜಗಳ ತೆಗೆಯಲಿಲ್ಲ. ಮಾತೇ ಕಡಿಮೆಯಾಯಿತು. ಹೊತ್ತೆಲ್ಲ ಕಾಗದ ಪೆನ್ನು ಹಿಡಿದು ಛಂದಸ್ಸಿನ ಮಾತ್ರೆ ಎಣಿಸುತ್ತ, ಏನೋ ಗುಣುಗುಣಿಸುತ್ತ ಕೂರುತ್ತಿದ್ದರು. ಮನಸ್ಸಿಗೆ ಸಮಾಧಾನ ಸಿಗುತ್ತಿದ್ದರೆ ಸಿಗಲಿ ಎಂದು ಅವಳು ಬಾಗಿಲು ಮರೆ ಮಾಡಿ ಹೋಗುತ್ತಿದ್ದಳು.

ಚಳಿಗಾಲದ ಒಂದು ಏಕಾದಶಿಗೆ ಭಾಲ್ಕಿಯವರು ಗಾಡಿ ಕಳಿಸಿದರು. ಪೌಳಿ ತುಂಬಿತ್ತು. ಹಲಬರ್ಗಾದಿಂದಲೂ ಜನ ಬಂದಿದ್ದರು. ಮಾಸ್ತರರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ, ಮೊಂಡಗಾಲಿನ ಮೇಲೆ ಶಾಲು ಹೊದಿಸಿದರು. ಪ್ರಮಿಲಾ ತನ್ನ ಕಂಬದ ಹತ್ತಿರ ಕೂತಳು. ಮಡಿಲಲ್ಲಿ ಡಬ್ಬಿ, ಪಕ್ಕದ ಚಾಪೆಯ ಮೇಲೆ ಇನ್ಸುಲಿನ್ನಿನ ಪೆಟ್ಟಿಗೆ. ಗುಡಿಯ ಉಸ್ತುವಾರಿ ನೋಡುವ ವೃಂದಾ ಬಂದು ಅವಳ ಕೈ ಹಿಡಿದು, “ನಿಮ್ಮ ಪುಣ್ಯ ಕಾಕೂ, ದನಿ ಉಳೀತು,” ಎಂದು ಪಕ್ಕದಲ್ಲಿ ಕೂತಳು.

ದನಿ ಉಳಿದಿತ್ತು. ಮೊದಲಿಗಿಂತ ಆಳಕ್ಕಿಳಿದಿತ್ತು. ಪ್ರಮಿಲಾ ಕಣ್ಣು ಮುಚ್ಚಿದಳು. ಎಲ್ಲ ಮರೆತು ಆ ಹಳೆಯ ನಡಿಗೆಯ ಬೆನ್ನು ಹತ್ತಿ ಹೋದಳು. ಸಂಧಿ ಮುಗಿಯಲು ಬಂತು. ಮುಂದಿನ ಪದ್ಯದ ಮೊದಲಕ್ಷರ ಅವಳ ನಾಲಿಗೆಯ ತುದಿಯಲ್ಲಿ ಆಗಲೇ ನಿಂತಿತ್ತು. ಬಂದದ್ದು ಅದಲ್ಲ.

*ಒಲಿದು ಸೇವಿಪ ಕೈಯೆ ವಿಷವನು*
*ಕಲಸಿತರಿಯದೆ ಪತಿಯ ಬಾಯಿಗೆ*

ಪೋಥಿಯಲ್ಲಿ ಇಲ್ಲದ ಪದ್ಯ. ಮೊದಲ ಗಣಕ್ಕೇ ಅವಳಿಗೆ ತಿಳಿಯಿತು. ಮಾಸ್ತರರು ಪೋಥಿ ಮುಚ್ಚಿ, ಅರ್ಥ ಹೇಳತೊಡಗಿದರು. “ಕೇಳ್ರಿ ಮಹಾಜನರ. ಒಬ್ಬ ಭಕ್ತನ ಮನ್ಯಾಗ ಒಬ್ಬಾಕಿ ಸಾಧ್ವಿ ಇದ್ಳು. ಮನಸು ಬೆಣ್ಣಿ, ತಿಳುವಳಿಕಿ ಕಡಿಮಿ…” ಗುಳಿಗೆ ಬಂತು, ಡಬ್ಬಿ ಬಂತು, ಪಟ್ಟಿ ಬಂತು, ಹಂಚು ರೊಟ್ಟಿಯ ದೃಷ್ಟಾಂತವೂ ಬಂತು. ಆಸ್ಪತ್ರೆ ಬಂತು. ಭಕ್ತನು ಸಾಧ್ವಿಯನ್ನು ಕ್ಷಮಿಸಿದ್ದು ಬಂತು. “ಆಕೀದೇನು ತಪ್ಪು? ಪ್ರಾರಬ್ಧ ಆಕೀ ಕೈ ಹಿಡ್ದು ಮಾಡಿಸ್ತು!” ಎಂದಾಗ ಪೌಳಿಯ ಉಸಿರು ಒಮ್ಮೆಲೇ ಹೊರಬಿತ್ತು. ಇರುವೆ ಬರಲಿಲ್ಲ. ಚಹದ ಬಸಿ ಬರಲಿಲ್ಲ. ಕಾಲಿಗೆ ಬಿದ್ದದ್ದು ಬರಲಿಲ್ಲ.

ಪ್ರಾಸ ಎಲ್ಲಿಯೂ ತಪ್ಪಿರಲಿಲ್ಲ. ಆ ಮಾತ್ರೆಗಳನ್ನು ಅವರು ಎಣಿಸುತ್ತಿದ್ದಾಗ ಬಾಗಿಲು ಮರೆ ಮಾಡಿದವಳು ತಾನೇ.

ಹೆಂಗಸರೆಲ್ಲ ತಿರುಗಿ ನೋಡುತ್ತಿದ್ದರು. ವೃಂದಾ ಅವಳ ಬೆನ್ನ ಮೇಲೆ ಕೈಯಿಟ್ಟು, “ಮನಸಿಗಿ ಹಚ್ಕೋಬ್ಯಾಡ್ರಿ ಕಾಕೂ. ಎಷ್ಟು ದೊಡ್ಡ ಮನಸು ಅವರದು! ಬ್ಯಾರೆ ಗಂಡಸಾಗಿದ್ರ…” ಎಂದಳು.

“ಇರವಿ ಬಂದಾವಂತ ನಾ ಹೇಳಿದ್ದೆ,” ಎಂದಳು ಪ್ರಮಿಲಾ.

“ಏನ್ರಿ?”

“ಏನಿಲ್ಲ.”

ಬಿಡುವು ಬಂತು. ಮಾಸ್ತರರು ಪೋಥಿ ಬಿಚ್ಚಿಕೊಳ್ಳುತ್ತ, ಮುಖ ತಿರುಗಿಸದೆ, ಬಲಗೈ ಪಕ್ಕಕ್ಕೆ ಚಾಚಿದರು. ಪ್ರಮಿಲಾ ಆ ಅಂಗೈ ನೋಡಿದಳು. ಇನ್ಸುಲಿನ್ನಿನ ಪೆಟ್ಟಿಗೆಯನ್ನು ವೃಂದಾಳ ಮುಂದೆ ಸರಿಸಿದಳು. ಕಂಬ ಹಿಡಿದು ಎದ್ದಳು. ಮಂಗಳಾರತಿಗೆ ಮೊದಲು ಪುರಾಣದಿಂದ ಯಾರೂ ಏಳುವುದಿಲ್ಲ. ಅವಳಂತೂ ಹುಟ್ಟಿದಾಗಿನಿಂದ ಎದ್ದವಳಲ್ಲ. ಜನ ಮಂಡಿ ಮಡಿಚಿ ದಾರಿ ಬಿಟ್ಟರು. ಪಾಪ, ಅಳು ಬಂದಿರಬೇಕು, ಎಂದು ಯಾರೋ ಅಂದರು. ಅವಳಿಗೆ ಅಳು ಬಂದಿರಲಿಲ್ಲ.

ಬಸ್ ಸ್ಟ್ಯಾಂಡಿನವರೆಗೂ ಗುಡಿಯ ಮೈಕು ಕೇಳುತ್ತಿತ್ತು. ದನಿ ಇನ್ನೂ ಶುರುವಾಗಿರಲಿಲ್ಲ. ಒಂದು ಕೆಮ್ಮು ಕೇಳಿಸಿತು. ಕೈ ಇನ್ನೂ ಚಾಚಿಯೇ ಇದ್ದೀತು.

“ಎಲ್ಲಿಗಿ ಅಕ್ಕೋರ? ಆಧಾರ ತೋರ್ಸ್ರಿ,” ಎಂದ ಕಂಡಕ್ಟರು.

“ಔರಾದ.”

ಬಸ್ಸು ಹೊರಟ ಮೇಲೆ ಕೈಯಲ್ಲಿ ಡಬ್ಬಿ ಹಾಗೇ ಇದ್ದದ್ದು ಗಮನಕ್ಕೆ ಬಂತು. ತೆರೆದಳು. ಜ್ಯೇಷ್ಠಮಧುವಿನ ತುಂಡುಗಳ ಅಡಿಯಲ್ಲಿ, ತಳಕ್ಕೆ ಅಂಟಿಕೊಂಡು, ಹಳೆಯ ಕಿತ್ತಳೆ ಗುಳಿಗೆಯ ಚೂರೊಂದು ಉಳಿದಿತ್ತು. ಇಷ್ಟು ದಿನ ಕೊಟ್ಟವಳು ಒಮ್ಮೆಯೂ ಬಾಯಿಗೆ ಹಾಕಿಕೊಂಡಿರಲಿಲ್ಲ. ಉಗುರಿನಿಂದ ಕೆರೆದು ನಾಲಿಗೆಯ ಮೇಲಿಟ್ಟುಕೊಂಡಳು. ಹುಳಿ ಇರುತ್ತದೆಂದು ತಿಳಿದಿದ್ದಳು. ಸಿಹಿ ಇತ್ತು.